ಪಟ್ಟಿಯಿಂದ ತೆಗೆಯಬೇಕೋ, ಇಡಬೇಕೋ?

ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯಿಂದ ಕ್ರೈಸ್ತ ಸಭೆಯ ಖಜಾಂಚಿಯೊಬ್ಬರು ಬರೆದಿದ್ದಾರೆ. ಅವರ ದೀರ್ಘ ಪತ್ರದ ಸಾರ ಹೀಗಿದೆ:

"ನಮ್ಮ ಸಭೆಯಲ್ಲಿ ಪ್ರತಿ ಭಾನುವಾರ ಆರಾಧನೆಗೆ ಬಂದವರನ್ನು ಎಣಿಸಿ ಗೋಡೆಯ ಹಲಗೆಯ ಮೇಲೆ ಬರೆಯುವ ರೂಢಿ ಇದೆ. ಮುಂಗಾರಿನಲ್ಲಿ 110 ಇದ್ದದ್ದು ಕ್ರಿಸ್‌ಮಸ್ ಕಳೆದ ಮೇಲೆ 42ಕ್ಕೆ ಇಳಿದಿದೆ. ಐದು ಮನೆಯವರು ಪಟ್ಟಣದ ಹೊಸ ಸಭೆಗೆ ಹೋಗುತ್ತಿದ್ದಾರೆ, ಅಲ್ಲಿ 400 ಜನ ಕೂಡುತ್ತಾರಂತೆ. ಉಳಿದವರು ಬೆಂಗಳೂರು, ಗೋವಾ ಅಂತ ಗುಳೆ ಹೋಗಿದ್ದಾರೆ. ನಮಗೆ ಸಹಾಯ ಕಳಿಸುವವರು ತಿಂಗಳಿಗೊಮ್ಮೆ ಹಾಜರಿ ಮತ್ತು ಫೋಟೊ ಕೇಳುತ್ತಾರೆ. ಸಭಾಪಾಲಕರು ಕುಗ್ಗಿ ಹೋಗಿದ್ದಾರೆ. ನಮ್ಮ ಸಭೆಯಲ್ಲಿ ದೇವರ ಕೆಲಸ ನಿಂತುಹೋಯಿತೇ? ಇನ್ನೊಂದು ಮಾತು, ಹಿಂದಿನ ಸಾಲಿನಲ್ಲಿ ಕೂಡುತ್ತಿದ್ದ ಅಜ್ಜಿ ಒಬ್ಬರು ಮೂರು ವಾರದಿಂದ ಬಂದಿಲ್ಲ. ಅವರ ಹೆಸರನ್ನು ಪಟ್ಟಿಯಿಂದ ತೆಗೆಯಬೇಕೋ, ಇಡಬೇಕೋ?"

ಕರ್ತನಲ್ಲಿ ಪ್ರಿಯ ಸಹೋದರರೇ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೊದಲ ಸಲ 110, 42, 400 ಅಂಕಿಗಳೇ ಕಣ್ಣಿಗೆ ಹೊಡೆದವು. ಮೂರನೆಯ ಸಲ ಓದುವಾಗ ಕೊನೆಯ ಸಾಲಿನ ಅಜ್ಜಿಯ ಹತ್ತಿರ ಬಂದು ನಿಂತುಬಿಟ್ಟೆ. ಉತ್ತರ ತಡವಾದದ್ದು ಅದಕ್ಕೇ. ಆ ಸಾಲು ನನ್ನ ಒಂದು ಹಳೆಯ ನೋವನ್ನು ಎಬ್ಬಿಸಿತು. ಮೊದಲು ಅದನ್ನೇ ಹೇಳಿಬಿಡುತ್ತೇನೆ.

ಸುಮಾರು ಮೂವತ್ತು ವರ್ಷದ ಹಿಂದೆ ರಾಯಚೂರಿನ ಒಂದು ಸಣ್ಣ ಸಭೆಗೆ ನಾನು ಕಾರ್ಯದರ್ಶಿ. ಹಾಜರಿ ಎಣಿಸುವ ಕೆಲಸ ನನ್ನದು. ಕೊನೆಯ ಗೀತೆ ಶುರುವಾದ ಕೂಡಲೇ ಬಾಗಿಲ ಬಳಿ ಹೋಗಿ ನಿಲ್ಲುತ್ತಿದ್ದೆ. ಎಡಕ್ಕೆ ಹೆಂಗಸರು, ಬಲಕ್ಕೆ ಗಂಡಸರು, ಮುಂದೆ ಚಾಪೆಯ ಮೇಲೆ ಮಕ್ಕಳು. ಒಂದು ವರ್ಷ ಪೂರ್ತಿ ಸಂಖ್ಯೆ ಅಲುಗಾಡಲಿಲ್ಲ. 61, 63, 62. ವಾರ್ಷಿಕ ಸಭೆಯಲ್ಲಿ ಓದಿ ಹೇಳುವಾಗ ಹೆಮ್ಮೆಯೂ ಇತ್ತು.

ಹತ್ತಿ ಮಿಲ್ಲಿನಲ್ಲಿ ಕೂಲಿ ಮಾಡುತ್ತಿದ್ದ ಒಬ್ಬ ತಾಯಿ ಬರುತ್ತಿದ್ದರು, ಕಂಬದ ಪಕ್ಕ ಕೂಡುವವರು. ಕೆಮ್ಮು ಹತ್ತಿತು. ಪ್ರಸಂಗದ ನಡುವೆ ಕೆಮ್ಮಿದರೆ ಮುಂದಿನವರು ತಿರುಗಿ ನೋಡುತ್ತಿದ್ದರು. ಆಕೆ ಕಂಬ ಬಿಟ್ಟು ಬಾಗಿಲಿಗೆ ಬಂದರು, ಬಾಗಿಲು ಬಿಟ್ಟು ಹೊರಗಿನ ಮೆಟ್ಟಿಲಿಗೆ ಹೋದರು, ಆಮೇಲೆ ಬರುವುದನ್ನೇ ಬಿಟ್ಟರು. ಅದೇ ತಿಂಗಳು ವರ್ಗವಾಗಿ ಬಂದ ಹೊಸ ಕುಟುಂಬವೊಂದು ನಮ್ಮ ಸಭೆ ಸೇರಿತು. ಸಂಖ್ಯೆ 62ರಲ್ಲೇ ಉಳಿಯಿತು. ಆಕೆ ಇಲ್ಲ ಎಂಬುದು ನನಗೆ ಗೊತ್ತಾದದ್ದು ಎಂಟು ವಾರದ ಮೇಲೆ, ಆಕೆಯ ಮಗ ಬಂದು ಮಣ್ಣು ಮಾಡಲು ಜಾಗ ಕೇಳಿದಾಗ. ಕ್ಷಯ. ಸರಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಸಿಗುವ ಕಾಯಿಲೆ. ಕರೆದುಕೊಂಡು ಹೋಗುವವರು ಒಬ್ಬರು ಬೇಕಿತ್ತು, ಆರು ತಿಂಗಳು ಮಾತ್ರೆ ತಪ್ಪದಂತೆ ನೋಡುವವರು ಒಬ್ಬರು ಬೇಕಿತ್ತು. ಆ ರಾತ್ರಿ ಹಾಜರಿ ಪುಸ್ತಕ ತೆಗೆದು ಎಂಟು ಪುಟ ತಿರುವಿದೆ. ನನ್ನ ಕೈಬರಹದ ಅಂಕಿ ಪ್ರತಿ ಪುಟದಲ್ಲೂ ಸರಿಯಾಗಿಯೇ ಇತ್ತು.

ಇಷ್ಟು ಹೇಳಿದೆನೆಂದು ಎಣಿಸುವುದೇ ಪಾಪ ಎನ್ನುತ್ತಿದ್ದೇನೆ ಎಂದುಕೊಳ್ಳಬೇಡಿ. ಸತ್ಯವೇದದ ತುಂಬ ಎಣಿಕೆ ಇದೆ. ಶಿಷ್ಯರ ಮೇಲೆ ಪವಿತ್ರಾತ್ಮನು ಇಳಿದ ಪಂಚಾಶತ್ತಮ ದಿನ ಸಭೆಗೆ ಸೇರಿದವರು ಹೆಚ್ಚು ಕಡಿಮೆ ಮೂರು ಸಾವಿರ ಎಂದು ಲೂಕನು ಸಂತೋಷದಿಂದಲೇ ಬರೆದಿಟ್ಟಿದ್ದಾನೆ. ಬಲೆಯಲ್ಲಿ ಸಿಕ್ಕ ಮೀನು 153 ಎಂದು ಯೋಹಾನನು ಬರೆದಿದ್ದಾನೆ. ಆದರೆ ಎರಡು ಎಣಿಕೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ದಾವೀದನು ಜನಗಣತಿ ಮಾಡಿಸಿದಾಗ ಸೇನಾಪತಿ ಯೋವಾಬನು ಬೇಡವೆಂದರೂ ಕೇಳಲಿಲ್ಲ. ಒಂಬತ್ತು ತಿಂಗಳು ಇಪ್ಪತ್ತು ದಿನ ದೇಶ ಸುತ್ತಿ ಎಣಿಸಿ ತಂದದ್ದು ಕತ್ತಿ ಹಿಡಿಯುವ ಗಂಡಸರನ್ನು ಮಾತ್ರ. ಮುದುಕಿಯರು, ಕುಂಟರು, ಕೂಸುಗಳು ಆ ಲೆಕ್ಕಕ್ಕೆ ಬರಲಿಲ್ಲ. ರಾಜನಿಗೆ ಬೇಕಿದ್ದದ್ದು ತನ್ನ ಬಲ ಎಷ್ಟು ಎಂಬ ಉತ್ತರ. ಲೂಕ 15ರಲ್ಲಿ ಯೇಸು ಹೇಳಿದ ಕಥೆಯ ಕುರುಬನೂ ಎಣಿಸಿದವನೇ. ಎಣಿಸದಿದ್ದರೆ ನೂರರಲ್ಲಿ ಒಂದು ಇಲ್ಲ ಎಂದು ಅವನಿಗೆ ತಿಳಿಯುವುದು ಹೇಗೆ? ನಮ್ಮ ಕಡೆ ಕುರಿ ಕಾಯುವವರನ್ನು ನೀವು ದಿನಾ ನೋಡುತ್ತೀರಿ. ಸಂಜೆ ಹಟ್ಟಿಗೆ ಕೂಡುವಾಗ ಅವರು ಬರೀ ಲೆಕ್ಕ ಹಾಕುವುದಿಲ್ಲ, ಕಿವಿ ಸೀಳಿದ್ದು ಬಂತಾ, ಕರೀದು ಬಂತಾ ಎಂದು ಗುರುತು ಹಿಡಿದು ಕೂಡುತ್ತಾರೆ. ನಾನು ರಾಯಚೂರಿನಲ್ಲಿ ಬಾಗಿಲ ಬಳಿ ನಿಂತು ಎಣಿಸಿದ್ದು ದಾವೀದನ ಎಣಿಕೆ.

ಈಗ ನಿಮ್ಮ 42ಕ್ಕೆ ಬರೋಣ. 110ರಲ್ಲಿ 42 ಕಳೆದರೆ 68. ಐದು ಮನೆಯವರು ಇಪ್ಪತ್ತು, ಇಪ್ಪತ್ತೈದು ಜನ ಇರಬಹುದು. ಮಿಕ್ಕ ನಲವತ್ತಕ್ಕೂ ಹೆಚ್ಚು ಜನ ಸಭೆ ಬಿಟ್ಟು ಹೋದವರಲ್ಲ, ಊರು ಬಿಟ್ಟು ಹೋದವರು. ಮಳೆ ಕೈಕೊಟ್ಟ ಎರೆಭೂಮಿ, ಮೇಸ್ತ್ರಿಯಿಂದ ತಂದ ಮುಂಗಡ, ಮಗಳ ಮದುವೆಯ ಸಾಲ, ಇವು ಅವರನ್ನು ಬಸ್ಸು ಹತ್ತಿಸಿದವು. ಬಾಗಿಲಿಗೆ ಬೀಗ ಬಿದ್ದ ಮನೆಗಳ ಓಣಿಯಲ್ಲಿ ನಾನೂ ನಡೆದಿದ್ದೇನೆ. ಅಂಗಳಕ್ಕೆ ಮುಳ್ಳುಕಂಟಿ ಎಳೆದಿರುತ್ತಾರೆ. ಕಟ್ಟೆಯ ಮೇಲೆ ಮುದುಕರು, ಅವರ ಮೈಗೆ ಅಂಟಿಕೊಂಡು ಮೊಮ್ಮಕ್ಕಳು. ಇದನ್ನು ನಿಮ್ಮ ಹಲಗೆ "42" ಎಂದು ಬರೆಯುತ್ತದೆ, ನಿಮ್ಮ ಸಭಾಪಾಲಕರು ಅದನ್ನು ತಮ್ಮ ಸೋಲು ಎಂದು ಓದುತ್ತಾರೆ. ಅಳುಕಿಲ್ಲದೆ ಹೇಳುತ್ತೇನೆ, ಅದು ಅವರ ಸೋಲಲ್ಲ. ಆ ಅಂಕಿ ಬರಗಾಲದ್ದು, ಕೂಲಿ ದರದ್ದು, ಸಾಲದ್ದು. ದಯವಿಟ್ಟು ಈ ಸಾಲನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಿ.

ಆದರೆ ಆ ನಲವತ್ತು ಜನ ಈಗ ಎಲ್ಲಿದ್ದಾರೆ? ಬೆಂಗಳೂರಿನ ಯಾವ ಬಡಾವಣೆಯಲ್ಲಿ ಕಟ್ಟಡದ ಕೆಲಸ, ಯಾವ ತಗಡಿನ ಶೆಡ್ಡಿನಲ್ಲಿ ವಾಸ, ಮೇಸ್ತ್ರಿ ವಾರದ ಕೂಲಿ ಕೊಡುತ್ತಿದ್ದಾನೋ ಮುರಿದುಕೊಳ್ಳುತ್ತಿದ್ದಾನೋ, ಜೊತೆಗೆ ಹೋದ ಮಗು ಶಾಲೆ ಕಂಡಿತೋ ಇಲ್ಲವೋ? ನಿಮ್ಮ ಸಭೆಯ ಸುವಾರ್ತೆಯ ಹೊಲ ಈಗ ಅಲ್ಲಿಯವರೆಗೂ ಹಬ್ಬಿದೆ. ಶನಿವಾರ ಬಟವಾಡೆಯಾದ ಮೇಲೆ ಸಂಜೆ ಒಂದೊಂದು ಕುಟುಂಬಕ್ಕೆ ಫೋನ್ ಮಾಡಿ. ಹತ್ತು ನಿಮಿಷ ಮಾತು, ಒಂದು ಕೀರ್ತನೆ, ಒಂದು ಪ್ರಾರ್ಥನೆ. ಗೋವಾಕ್ಕೆ ಹೋದವರಿಗೆ ಹತ್ತಿರದಲ್ಲಿ ಕನ್ನಡ ಆರಾಧನೆ ಎಲ್ಲಿ ನಡೆಯುತ್ತದೆ ಎಂದು ಕೇಳಿ ತಿಳಿದು ಹೇಳಿ. ಊರಿನಲ್ಲಿ ಉಳಿದ ಮಕ್ಕಳು ಸಂಜೆ ದೇವಾಲಯದ ದೀಪದಲ್ಲಿ ಓದಿಕೊಳ್ಳಲಿ, ಅವರು ಯಾವ ಮತದವರಾದರೂ ಸರಿ. ಈ ಯಾವ ಕೆಲಸಕ್ಕೂ 400 ಜನ ಬೇಕಿಲ್ಲ. ನಿಮ್ಮ 42ರಲ್ಲಿ ಆರು ಮಂದಿ ಮನಸ್ಸು ಮಾಡಿದರೆ ಸಾಕು.

ಪಟ್ಟಣದ ದೊಡ್ಡ ಸಭೆಯ ಬಗ್ಗೆ ನಾನು ಕೆಟ್ಟದ್ದು ಆಡಲಾರೆ. ಅಲ್ಲಿ ಕುಡಿತ ಬಿಟ್ಟು ಮನೆಗೆ ಸಂಬಳ ತಂದ ಗಂಡಸರು ಇರಬಹುದು, ಮೊದಲ ಸಲ ಯಾರೋ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದ್ದಕ್ಕೆ ಅತ್ತ ಹೆಂಗಸರು ಇರಬಹುದು. ಅದಕ್ಕಾಗಿ ದೇವರಿಗೆ ಸ್ತೋತ್ರ. ಐದು ಮನೆಯವರ ಮೇಲೆ ಸಿಟ್ಟು ಇಟ್ಟುಕೊಳ್ಳಬೇಡಿ, ಎದುರು ಬಂದರೆ ಮೊದಲಿನಂತೆಯೇ ಮಾತಾಡಿಸಿ. ಒಂದು ಮಾತು ಮಾತ್ರ ಹೇಳಬೇಕು. ಒಂದು ಕಣದ ಜೋಳವನ್ನು ಇನ್ನೊಂದು ಕಣಕ್ಕೆ ಹೊತ್ತು ಹಾಕಿ ರಾಶಿ ದೊಡ್ಡದಾಯಿತು ಎಂದರೆ ಊರಿನ ಕಾಳೇನೂ ಹೆಚ್ಚಲಿಲ್ಲ. 2011ರ ಜನಗಣತಿಯ ಪ್ರಕಾರ ಇಡೀ ಕರ್ನಾಟಕದಲ್ಲಿ ಕ್ರೈಸ್ತರು ಶೇ. 1.87. ಇಷ್ಟು ಜನರನ್ನು ನಾವು ನಾವೇ ಎಳೆದಾಡಿಕೊಂಡು ಅದನ್ನು ಬೆಳವಣಿಗೆ ಎಂದು ಕರೆಯುವುದು ನನಗೆ ಬಹಳ ದುಃಖ ಕೊಡುತ್ತದೆ.

ಸಂಖ್ಯೆ ನೋಡಿ ಸಭೆಯನ್ನು ಅಳೆಯುವ ವಿದ್ಯೆ ಎಲ್ಲೋ ವಿದೇಶದಲ್ಲಿ ಹುಟ್ಟಿದ್ದು ಎಂದು ನಮ್ಮವರು ಹೇಳುತ್ತಾರೆ. ಅದರ ಬೇರು ನಮ್ಮ ನೆಲದಲ್ಲೇ ಇದೆ. ಅದಕ್ಕೆ ರೂಪ ಕೊಟ್ಟ ಡೊನಾಲ್ಡ್ ಮ್ಯಾಕ್‌ಗಾವ್ರನ್ 1897ರಲ್ಲಿ ಇಂದಿನ ಮಧ್ಯಪ್ರದೇಶದ ದಮೋಹದಲ್ಲಿ ಹುಟ್ಟಿದ ಮಿಷನರಿಗಳ ಮಗ, ತಾವೂ ಮಧ್ಯ ಭಾರತದಲ್ಲಿ ದಶಕಗಟ್ಟಲೆ ಮಿಷನರಿಯಾಗಿದ್ದವರು. ಶಾಲೆ, ಆಸ್ಪತ್ರೆ ಎಲ್ಲ ಇದ್ದ ಕಡೆ ಸಭೆ ಬೆಳೆಯದೆ, ಬೇರೆ ಕಡೆ ಕೇರಿಗೆ ಕೇರಿಯೇ ಬಂದು ಸೇರುವುದೇಕೆ ಎಂದು ಅವರು ಕೇಳಿದರು. ಅದು ಪ್ರಾಮಾಣಿಕ ಪ್ರಶ್ನೆ. 1965ರಲ್ಲಿ ಕ್ಯಾಲಿಫೋರ್ನಿಯಾದ ಫುಲ್ಲರ್ ಸೆಮಿನರಿ ಎಂಬ ದೇವಶಾಸ್ತ್ರ ಕಾಲೇಜಿನಲ್ಲಿ ಮಿಷನ್ ಶಾಲೆ ತೆರೆದಾಗ ಅವರೇ ಮೊದಲ ಡೀನ್. ಅಲ್ಲಿಂದ ಆ ವಿಚಾರ ಲೋಕವೆಲ್ಲ ಸುತ್ತಿ ನಮ್ಮ ಹಲಗೆಗೆ ವಾಪಸು ಬಂದಿದೆ. ಜನರು ಜಾತಿ, ಭಾಷೆ, ವರ್ಗದ ಗೋಡೆ ದಾಟುವ ಕಷ್ಟವಿಲ್ಲದೆ ಕ್ರೈಸ್ತರಾಗಲು ಇಷ್ಟಪಡುತ್ತಾರೆ ಎಂದು ಅವರು ಕಂಡುಕೊಂಡಿದ್ದರು. ನಮ್ಮ ಕಡೆ ಇದು ಎಷ್ಟು ನಿಜವೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಒಂದೇ ಕೇರಿಯವರು ಕೂಡುವ ಸಭೆ ಬೇಗ ತುಂಬುತ್ತದೆ. ಎರಡು ಕೇರಿಯವರು ಒಂದೇ ಚಾಪೆಯ ಮೇಲೆ ಕೂತು ಒಂದೇ ಬಟ್ಟಲಿನಲ್ಲಿ ಪ್ರಭುಭೋಜನ ತೆಗೆದುಕೊಳ್ಳುವ ಸಭೆ ನಿಧಾನ ಬೆಳೆಯುತ್ತದೆ, ಒಮ್ಮೊಮ್ಮೆ ಕರಗುತ್ತದೆ ಕೂಡ. ಆ ಎರಡನೆಯ ಸಭೆ ಮಾಡುತ್ತಿರುವ ಕೆಲಸಕ್ಕೆ ಯಾವ ಹಾಜರಿ ಪುಸ್ತಕದಲ್ಲೂ ಕಾಲಂ ಇಲ್ಲ. ನಿಮ್ಮ ಪತ್ರದ ನಡುವೆ, ನಿಮ್ಮಲ್ಲಿ ಮೂರು ಕೇರಿಯ ಜನ ಒಟ್ಟಿಗೆ ಕೂಡುತ್ತಾರೆ ಎಂದು ಸಹಜವೆಂಬಂತೆ ಬರೆದಿದ್ದೀರಿ. ಸಹೋದರರೇ, ಆ ಒಂದು ಸಾಲಿಗಾಗಿ ನಾನು ಹಲವು ಸಭೆಗಳ ವರದಿಗಳಲ್ಲಿ ಹುಡುಕಿದ್ದೇನೆ.

ಬಳ್ಳಾರಿಯನ್ನೂ ಒಮ್ಮೆ ನೆನೆಯಿರಿ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿಗೆ ಬಂದರು. ಕನ್ನಡ ಕಲಿತರು, ಶಾಲೆ ನಡೆಸಿದರು, ಅನುವಾದಕ್ಕೆ ಕೂತರು. ಇಡೀ ಸತ್ಯವೇದ ಕನ್ನಡದಲ್ಲಿ ಅಚ್ಚಾಗಿ ಮುಗಿದದ್ದು 1831ರಲ್ಲಿ. ಇಪ್ಪತ್ತೊಂದು ವರ್ಷ! ಅವರ ಜೊತೆಗಾರ ವಿಲಿಯಂ ರೀವ್ ಅವರ ಕನ್ನಡ ನಿಘಂಟು ಬಂದದ್ದು ಮರುವರ್ಷ. ಆ ಕಾಲದಲ್ಲಿ ಯಾರಾದರೂ ತಿಂಗಳಿಗೊಮ್ಮೆ ಹಾಜರಿ ನೋಡಿ ಹಣ ಕಳಿಸುವುದೋ ಬೇಡವೋ ಎಂದು ತೀರ್ಮಾನಿಸಿದ್ದರೆ, ಈ ಭಾನುವಾರ ನಿಮ್ಮ 42 ಜನರ ಮುಂದೆ ಕನ್ನಡದಲ್ಲಿ ಓದಲು ಏನಿರುತ್ತಿತ್ತು?

ಇನ್ನು ಸಹಾಯ ಕಳಿಸುವವರ ವಿಷಯ. ಫೋಟೊ ದಿನ ಪಕ್ಕದ ಊರಿನಿಂದ ಟಂಟಂನಲ್ಲಿ ಜನರನ್ನು ತಂದು ಕೂರಿಸಿದ ಸಭೆಗಳನ್ನು ಕಣ್ಣಾರೆ ನೋಡಿದ್ದೇನೆ. ಅಂಥ ಒತ್ತಡ ನಿಮ್ಮ ಮೇಲೂ ಇದೆ ಎಂದು ನಿಮ್ಮ ಮಾತಿನ ಧಾಟಿ ಹೇಳುತ್ತದೆ. 42 ಎಂದೇ ಬರೆಯಿರಿ. ಅದರ ಕೆಳಗೆ 68 ಜನ ಎಲ್ಲೆಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂದು ಒಂದು ಪುಟ ಬರೆಯಿರಿ. ಅದನ್ನು ಓದಿಯೂ ಸಹಾಯ ನಿಲ್ಲಿಸಿದರೆ ಸಭಾಪಾಲಕರ ಮನೆಗೆ ಕಷ್ಟವಾಗುತ್ತದೆ, ಅದನ್ನು ನಾನು ಹಗುರವಾಗಿ ಹೇಳುತ್ತಿಲ್ಲ. ಆಗ ನೀವು ಖಜಾಂಚಿಯಾಗಿ ಸಭೆಯವರನ್ನೇ ಕೇಳಬೇಕು. ಹಿಡಿ ಜೋಳ, ಹಿಡಿ ಅಕ್ಕಿ ಕೂಡಿಟ್ಟು ಸುಗ್ಗಿ ಹಬ್ಬಕ್ಕೆ ತರುವ ತಾಯಂದಿರು ನಿಮ್ಮಲ್ಲೂ ಇದ್ದಾರೆ.

1910ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ಮಿಷನರಿ ಸಮ್ಮೇಳನದಲ್ಲಿ ನಮ್ಮ ದೇಶದ ವಿ. ಎಸ್. ಅಜರಯ್ಯ ಎದ್ದು ನಿಂತು ವಿದೇಶಿ ಮಿಷನರಿಗಳಿಗೆ, ನೀವು ಬಡವರಿಗೆ ಆಸ್ತಿ ಕೊಟ್ಟಿದ್ದೀರಿ, ಪ್ರಾಣವನ್ನೂ ಕೊಟ್ಟಿದ್ದೀರಿ, ನಮಗೆ ಪ್ರೀತಿಯೂ ಬೇಕು, ಸ್ನೇಹಿತರನ್ನು ಕೊಡಿ ಎಂಬ ಅರ್ಥದ ಮಾತಾಡಿದರು. ಎರಡು ವರ್ಷದ ಮೇಲೆ ಅವರು ನಮ್ಮ ನೆರೆಯ ತೆಲುಗು ಸೀಮೆಯ ದೋರ್ನಕಲ್ಲಿಗೆ ಬಿಷಪ್ ಆದರು. ಅಲ್ಲಿ ಸಾವಿರಾರು ಜನ ಸಭೆ ಸೇರಿದರು, ಅವರು ಸಂಖ್ಯೆಗೆ ಅಂಜಿದವರಲ್ಲ. ಆದರೆ ದೀಕ್ಷಾಸ್ನಾನ ಪಡೆದ ಪ್ರತಿಯೊಬ್ಬ ಕೂಲಿಕಾರನೂ ತನ್ನ ಕೈಯನ್ನು ತನ್ನ ತಲೆಯ ಮೇಲಿಟ್ಟುಕೊಂಡು, ಸುವಾರ್ತೆ ಸಾರದಿದ್ದರೆ ನನ್ನ ಗತಿಯನ್ನು ಏನು ಹೇಳಲಿ ಎಂಬ ಪೌಲನ ಮಾತನ್ನು ಹೇಳಬೇಕಿತ್ತು. ಬಂದು ಕೂತವನು ಎದ್ದು ಯಾರದೋ ಮನೆಗೆ ಹೋಗಬೇಕು ಎಂಬುದು ಆ ಕ್ಷಣದಿಂದಲೇ ಶುರು.

ಅಜ್ಜಿಯ ಹೆಸರನ್ನು ತೆಗೆಯಬೇಡಿ. ಈ ಪತ್ರಿಕೆ ನಿಮ್ಮ ಕೈ ಸೇರಿದ ದಿನವೇ, ಭಾನುವಾರದ ತನಕ ಕಾಯದೆ, ಅವರ ಮನೆಗೆ ಹೋಗಿ. ಮಂಡಿ ನೋವೋ, ಕಣ್ಣಿನ ಪೊರೆಯೋ, ಮಗ-ಸೊಸೆ ಗುಳೆ ಹೋಗಿ ಮೊಮ್ಮಕ್ಕಳನ್ನು ಬಿಟ್ಟು ಬರಲಾಗದ್ದೋ, ಕೂತು ಕೇಳಿ. ಚಹಾ ಕೊಟ್ಟರೆ ಬೇಡವೆನ್ನದೆ ಕುಡಿಯಿರಿ. ಪ್ರಭುಭೋಜನದ ಭಾನುವಾರ ಸಭಾಪಾಲಕರು ರೊಟ್ಟಿ-ದ್ರಾಕ್ಷಾರಸವನ್ನು ಆ ಕಟ್ಟೆಗೇ ತೆಗೆದುಕೊಂಡು ಹೋಗಲಿ, ಜೊತೆಗೆ ಸಭೆಯ ಇಬ್ಬರು ಮೂವರು ಹೋಗಿ ಒಂದು ಗೀತೆ ಹಾಡಲಿ. ಆಮೇಲೆ ನನಗೆ ಒಂದು ಕಾರ್ಡು ಬರೆಯಿರಿ, ಅಜ್ಜಿ ಹೇಗಿದ್ದಾರೆ ಎಂದು. ಅವರಿಗೆ ಇಷ್ಟವಾದ ಗೀತೆ ಯಾವುದು ಎಂದೂ ತಿಳಿಸಿ.

ನಿಮ್ಮವ,
ಸಂಪಾದಕ