ಚಾರ್ಜರ್ ಖಾನೆಯಲ್ಲಿದ್ದ ರಿಪೋರ್ಟು

(ಗುರುತು ಸಿಗದಂತೆ ಹೆಸರು, ವಿವರ ಬದಲಿಸಿದ್ದೇನೆ.)

ಅವರನ್ನು ರಘು ಎನ್ನೋಣ. ವಯಸ್ಸು 36, ಬೆಂಗಳೂರಿನ ಹೊರವರ್ತುಲ ರಸ್ತೆಯ ಒಂದು ಕಂಪನಿಯಲ್ಲಿ ಟೀಮ್ ಲೀಡ್. ದಂಪತಿ ನನ್ನ ಬಳಿ ಸಲಹೆಗೆ ಬಂದದ್ದು ಮನೆಯ ಜಗಳದಿಂದಾಗಿ. ಕಾರಣ ಕೇಳಿದಾಗ ಹೆಂಡತಿ ಮಾತಾಡಲಿಲ್ಲ, ನಾಲ್ಕು ಮಡಿಕೆಯ ಕಾಗದವೊಂದನ್ನು ಮೇಜಿನ ಮೇಲಿಟ್ಟರು. ಆಫೀಸಿನ ಹೆಲ್ತ್ ಚೆಕಪ್ ರಿಪೋರ್ಟು. ನಾಲ್ಕು ತಿಂಗಳಿಂದ ಲ್ಯಾಪ್‌ಟಾಪ್ ಬ್ಯಾಗಿನ ಚಾರ್ಜರ್ ಖಾನೆಯಲ್ಲಿತ್ತಂತೆ.

ಖಾಲಿ ಹೊಟ್ಟೆಯ ಸಕ್ಕರೆ 112, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆಯ ಅಳತೆ) 6.2, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಒಂದು ಬಗೆಯ ಕೊಬ್ಬು) 238, ಒಳ್ಳೆಯ ಕೊಲೆಸ್ಟ್ರಾಲ್ 35, ಸೊಂಟ 98 ಸೆಂ.ಮೀ.

"ಶುಗರ್ ಅಂತೇನೂ ಬರೆದಿಲ್ವಲ್ಲ ಮೇಡಂ, ಬಾರ್ಡರ್ ಅಷ್ಟೇ" ಎಂದರು ರಘು.

ಈ 'ಬಾರ್ಡರ್' ಅನ್ನೋ ಮಾತು ನನಗೆ ಆಗಿಬರುವುದಿಲ್ಲ. ಎಚ್‌ಬಿಎ1ಸಿ 5.7ರಿಂದ 6.4ರ ನಡುವೆ ಇದ್ದರೆ ಅದು ಮಧುಮೇಹದ ಹಿಂದಿನ ಹಂತ. ನಮ್ಮ ಗಂಡಸರಿಗೆ ಸೊಂಟ 90 ಸೆಂ.ಮೀ. ಮುಟ್ಟಿದರೇ ಎಚ್ಚರಿಕೆ. ಸೊಂಟ, ಬಿಪಿ, ಸಕ್ಕರೆ ಮತ್ತು ಆ ಎರಡು ಕೊಬ್ಬು, ಈ ಐದರಲ್ಲಿ ಮೂರು ಕೆಟ್ಟರೆ ವೈದ್ಯರು ಮೆಟಬಾಲಿಕ್ ಸಿಂಡ್ರೋಮ್ ಎನ್ನುತ್ತಾರೆ. ರಘುಗೆ ಬಿಪಿ ಬಿಟ್ಟು ನಾಲ್ಕೂ ಇದ್ದವು.

ಯಾಕೆ ಬಚ್ಚಿಟ್ಟಿರಿ ಎಂದೆ. ತುಂಬ ಹೊತ್ತು ಸುಮ್ಮನಿದ್ದರು. ಸಕ್ಕರೆ ಕಾಯಿಲೆಯಿಂದ ಅವರ ತಂದೆಯ ಕಾಲ್ಬೆರಳು ತೆಗೆಸಬೇಕಾಗಿತ್ತು. ಡ್ರೆಸ್ಸಿಂಗ್‌ಗೆ ಕರೆದೊಯ್ಯುತ್ತಿದ್ದವರು ಇವರೇ. "ಕಾಗದ ಬಿಚ್ಚಿದ್ರೆ ಅಪ್ಪನ ಕಾಲೇ ಕಣ್ಮುಂದೆ ಬರುತ್ತೆ." ಹೆಂಡತಿ ಇದನ್ನು ಉಡಾಫೆ ಅಂದುಕೊಂಡಿದ್ದರು. ಹೆದರಿದವರಿಗೆ ಇನ್ನಷ್ಟು ಹೆದರಿಸುವ ಉಪನ್ಯಾಸ ಕೊಟ್ಟು ಪ್ರಯೋಜನವಿಲ್ಲ.

ಒಂದು ದಿನವನ್ನು ಗಂಟೆಗಂಟೆಗೂ ಬರೆಸಿದೆ. ಆಫೀಸಿನ ಮಿಷಿನ್ ಟೀ ಆರು ಕಪ್. "ನಾನು ಸಕ್ಕರೆ ಹಾಕ್ಕೊಳ್ಳಲ್ಲ" ಎಂದರು. ಹೌದು, ಪುಡಿಯಲ್ಲೇ ಬೆರೆಸಿರುತ್ತಾರೆ. ರಾತ್ರಿ ಒಂಬತ್ತರಿಂದ ಹನ್ನೊಂದೂವರೆವರೆಗೆ ಅಮೆರಿಕದವರ ಕಾಲ್. ಆಮೇಲೆ ಅಡುಗೆಮನೆಯಲ್ಲಿ ನಿಂತುಕೊಂಡೇ ಅನ್ನ ಸಾರು, ಮೇಲೊಂದಿಷ್ಟು ಮಿಕ್ಸ್ಚರ್. ಮಲಗುವುದು ಒಂದಕ್ಕೆ, ಮಗಳ ಸ್ಕೂಲ್ ವ್ಯಾನಿಗೆ ಏಳುವುದು ಆರೂವರೆಗೆ.

ಮೊದಲು ಫಿಸಿಶಿಯನ್ ಬಳಿ ಕಳಿಸಿದೆ, ಅದು ನನ್ನ ಕೆಲಸವಲ್ಲ. ಜಿಮ್ ಸದ್ಯಕ್ಕೆ ಬೇಡ ಎಂದೆ. ವರ್ಷದ ದುಡ್ಡು ಕಟ್ಟಿ ಹದಿನೈದು ದಿನಕ್ಕೆ ಬಿಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ. ಊಟ ಎಂಟು ಗಂಟೆಗೆ, ಕಾಲ್‌ಗೆ ಮುಂಚೆ, ಮಗಳ ಜೊತೆ ಕೂತು. ತಟ್ಟೆಯಲ್ಲಿ ಮೊದಲು ಪಲ್ಯ, ಕಾಳು, ಅನ್ನ ಅರ್ಧ. ಮುದ್ದೆ ತಿಂದರೆ ಆಯ್ತಲ್ಲ ಎಂದರು. ರಾಗಿಯೂ ಪಿಷ್ಟವೇ, ಎರಡು ಮುದ್ದೆ ಇಳಿಸಿದರೆ ಲೆಕ್ಕ ಅಲ್ಲಿಗಲ್ಲಿಗೇ. ಮಧ್ಯಾಹ್ನ ಉಂಡ ಕೂಡಲೇ ಹದಿನೈದು ನಿಮಿಷ ನಡಿಗೆ: ಆಡುವ ಸ್ನಾಯು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಬರೀ ಕೇಳಿಸಿಕೊಳ್ಳುವ ಮೀಟಿಂಗ್ ಇದ್ದರೆ ನಿಂತು ಕೇಳಿ. ತೂಕ 84 ಕೆ.ಜಿ.; ಐದಾರು ಕೆ.ಜಿ. ಇಳಿದರೂ ದೊಡ್ಡ ಲಾಭ.

ಹೆಂಡತಿಗೆ ಹೇಳಿದ್ದು ಒಂದೇ, ತಟ್ಟೆ ಕಾಯಬೇಡಿ, ಬ್ಯಾಗನ್ನೂ ತಡಕಬೇಡಿ.

ಮೂರು ತಿಂಗಳ ಮೇಲೆ ರಘು ರಿಪೋರ್ಟನ್ನು ತಾವೇ ತಂದರು. ಎಚ್‌ಬಿಎ1ಸಿ 5.9, ಸೊಂಟ 95. ಟೀ ಎರಡಕ್ಕಿಳಿದಿದೆ, ಸಾಫ್ಟ್‌ವೇರ್ ರಿಲೀಸ್ ಇರುವ ವಾರ ನಾಲ್ಕು. ನಿದ್ದೆ ಮಾತ್ರ ಇನ್ನೂ ಐದೂವರೆ ಗಂಟೆಯೇ. ವಾರಕ್ಕೆರಡು ಕಾಲ್ ಬೇರೆಯವರಿಗೆ ವಹಿಸಿ ಎಂದು ಮ್ಯಾನೇಜರನ್ನು ಕೇಳಲು ಅವರಿಗೆ ಬಾಯಿ ಬರುತ್ತಿಲ್ಲ. ಮುಂದಿನ ಭೇಟಿಗೆ ಅದನ್ನೇ ಇಟ್ಟುಕೊಂಡಿದ್ದೇವೆ.