ಕಿಕ್ ಹೊಡೆಯುವ ಮುನ್ನ

(ಹಳೆಯ ಟೂ ಸ್ಟ್ರೋಕ್ ಬೈಕುಗಳ, ಅಂದರೆ ಪೆಟ್ರೋಲಿನೊಂದಿಗೆ ಎಣ್ಣೆಯನ್ನೂ ಸುಡುವ ಗಾಡಿಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಉತ್ತರ. ಇಲ್ಲಿ 350 ಎಂದರೆ ಯಮಹಾ ವಿನ್ಯಾಸದ, ಎರಡು ಸಿಲಿಂಡರಿನ ರಾಜದೂತ್ 350. ಉತ್ತರಿಸುವವರು ಕಲಬುರಗಿಯ ಸೂಪರ್ ಮಾರ್ಕೆಟ್ ಹಿಂಭಾಗದಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ ನಡೆಸುವ ನಮ್ಮ ಅಂಕಣಗಾರ್ತಿ.)

ಅಕ್ಕನವರಿಗೆ ನಮಸ್ಕಾರ. ಅಪ್ಪ 1986ರಲ್ಲಿ ಕೊಂಡ ರಾಜದೂತ್ 350 ನಮ್ಮ ತೊಗರಿ ಗೋದಾಮಿನಲ್ಲಿ ಚೀಲಗಳ ಹಿಂದೆ ವರ್ಷಾನುಗಟ್ಟಲೆ ನಿಂತಿದೆ. ಕಿಕ್ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಪೇಂಟರ್ ಬಂದು ನೋಡಿ ಬಣ್ಣ, ಕ್ರೋಮ್ ಎಂದು ಲೆಕ್ಕ ಕೊಟ್ಟು ಹೋಗಿದ್ದಾನೆ. ಎಲ್ಲಿಂದ ಶುರು ಮಾಡಲಿ?
ಓದುಗ, ಹುಮನಾಬಾದ್

ಪೇಂಟರಿಗೆ ಚಹಾ ಕುಡಿಸಿ ಕಳುಹಿಸು ತಮ್ಮಾ, ಅವನ ಸರದಿ ಎಲ್ಲಕ್ಕಿಂತ ಕೊನೆಗೆ. ಮೊದಲು ಬಣ್ಣ ಹೊಡೆಸಿ, ಆಮೇಲೆ ಎಂಜಿನ್ ಇಳಿಸುವಾಗ ಫ್ರೇಮ್ ಕೆರೆದುಕೊಂಡು ಗೋಳಾಡುವವರು ನನ್ನ ಕೌಂಟರಿನ ಮುಂದೆ ವರ್ಷಪೂರ್ತಿ ಬಂದು ನಿಲ್ಲುತ್ತಾರೆ.

ಸಿಕ್ಕಿಕೊಂಡ ಕಿಕ್ಕಿನ ಮೇಲೆ ಹತ್ತಿ ತುಳಿಯುವ ಪರಾಕ್ರಮ ಬೇಡ. ಎರಡೂ ಪ್ಲಗ್ ಬಿಚ್ಚಿ, ಡೀಸೆಲಿಗೆ ತೆಳುವಾದ ಎಣ್ಣೆ ಬೆರೆಸಿ ಎರಡೂ ರಂಧ್ರಗಳಿಗೆ ಹುಯ್ದು ಎರಡು ದಿನ ಸುಮ್ಮನೆ ಬಿಡು. ಆಮೇಲೆ ಆರನೇ ಗೇರಿಗೆ ಹಾಕಿ, ಹಿಂದಿನ ಗಾಲಿಯನ್ನು ಕೈಯಿಂದ ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಅಲುಗಾಡಿಸು. ಬಿಟ್ಟುಕೊಂಡರೆ ಒಳ್ಳೆಯದು, ಬಿಡದಿದ್ದರೆ ಮತ್ತೆ ಎಣ್ಣೆ.

ಪಿಸ್ಟನ್ ಬಿಟ್ಟುಕೊಂಡಿತೆಂದು ಸ್ಟಾರ್ಟ್ ಮಾಡಿ ಊರು ಸುತ್ತಲು ಹೊರಡಬೇಡ. ಫೋರ್ ಸ್ಟ್ರೋಕ್ ಗಾಡಿಯಲ್ಲಿ ಕ್ರ್ಯಾಂಕಿಗೆ, ಅಂದರೆ ಪಿಸ್ಟನ್ ತಿರುಗಿಸುವ ದಂಡಕ್ಕೆ, ಯಾವಾಗಲೂ ಎಣ್ಣೆಯ ಆಸರೆ ಇರುತ್ತದೆ. ಟೂ ಸ್ಟ್ರೋಕಿನ ಕ್ರ್ಯಾಂಕ್ ಕೋಣೆಯಲ್ಲಿ ಅದಿಲ್ಲ. ಅಲ್ಲಿನ ಬೇರಿಂಗಿಗೆ ಸಿಗುವುದು ಪೆಟ್ರೋಲಿನೊಂದಿಗೆ ಒಳಬರುವ ಎಣ್ಣೆಯ ಪಸೆ ಮಾತ್ರ. ಗಾಡಿ ನಿಂತ ಮೇಲೆ ಅದೂ ಇಲ್ಲ. ಮಳೆಗಾಲದ ತೇವ ಒಳಸೇರಿ ಬೇರಿಂಗಿನ ಮೇಲೆ ಸಾಸಿವೆಯಷ್ಟು ತುಕ್ಕು ಕೂತರೂ ಸಾಕು, ನೂರು ಕಿಲೋಮೀಟರ್ ಓಡುವಷ್ಟರಲ್ಲಿ ಅದು ಒಡೆದು ಚೂರುಗಳು ಸಿಲಿಂಡರ್ ಸೇರಬಹುದು. ಆದ್ದರಿಂದ ಎಂಜಿನ್ ಇಳಿಸಿ, ಬಿಚ್ಚಿ, ಕ್ರ್ಯಾಂಕ್ ನೋಡಲೇಬೇಕು. ಅದು ಒತ್ತಿ ಜೋಡಿಸಿದ ಕ್ರ್ಯಾಂಕ್. ಸುತ್ತಿಗೆ ಹಿಡಿದವನಿಗೆ ಕೊಡಬೇಡ, ಪ್ರೆಸ್ ಮತ್ತು ಡಯಲ್ ಗೇಜ್ ಇರುವವನಿಗೆ ಕೊಡು.

ಸಿಲಿಂಡರ್ ಬೋರ್ ಮಾಡಿಸಬೇಕಾದರೆ, ಅಂದರೆ ಸವೆದ ಒಳಗೋಡೆಯನ್ನು ಕೊರೆಸಿ ಅಗಲಿಸಬೇಕಾದರೆ, ಮೊದಲು ಪಿಸ್ಟನ್ ಕೊಳ್ಳು, ಆಮೇಲೆ ಲೇತ್ ಅಂಗಡಿಗೆ ಹೋಗು. ಮೂಲ ಬೋರ್ 64 ಮಿಲಿಮೀಟರ್, ಓವರ್‌ಸೈಜ್ ಪಿಸ್ಟನ್ ಕಾಲು ಮಿಲಿಮೀಟರಿನ ಲೆಕ್ಕದಲ್ಲಿ ಏರುತ್ತಾ ಹೋಗುತ್ತದೆ. ಡಬ್ಬಿಯ ಮೇಲೆ ಬರೆದ ಅಳತೆಯನ್ನು ನಂಬದೆ, ಕೈಯಲ್ಲಿರುವ ಪಿಸ್ಟನ್ನನ್ನೇ ಅಳೆದು ಅದಕ್ಕೆ ತಕ್ಕಂತೆ ಬೋರ್ ಮಾಡಬೇಕು. ಎರಡೂ ಸಿಲಿಂಡರಿಗೆ ಒಂದೇ ಅಳತೆ. ಸಿಲಿಂಡರ್ ವಾಪಸು ಪಡೆಯುವಾಗ ಒಳಗೆ ಬೆರಳಾಡಿಸಿ ಪೋರ್ಟುಗಳ (ಗೋಡೆಯಲ್ಲಿರುವ ಕಿಂಡಿಗಳ) ಅಂಚನ್ನು ಮುಟ್ಟಿ ನೋಡು. ಅಂಚು ಬ್ಲೇಡಿನಂತೆ ಹರಿತವಾಗಿದ್ದರೆ ಅವನ ಕೆಲಸ ಮುಗಿದಿಲ್ಲ. ಸಣ್ಣ ಅರದಿಂದ ಆ ಅಂಚನ್ನು ತುಸು ಮಣಿಸದಿದ್ದರೆ ಪಿಸ್ಟನ್ನಿನ ರಿಂಗ್ ಅಲ್ಲಿಗೆ ತಗುಲಿ ಮುರಿಯುತ್ತದೆ. ನಮ್ಮ ಭಾಗದಲ್ಲಿ ಹೊಸ ಬೋರಿನ ಗಾಡಿ ವಾರದೊಳಗೆ ಕೆಟ್ಟು ಬರುವುದಕ್ಕೆ ನಾನು ಕಂಡ ದೊಡ್ಡ ಕಾರಣ ಇದೇ.

ಟ್ಯಾಂಕಿನ ತುಕ್ಕಿಗೆ ಕಿರಾಣಿ ಅಂಗಡಿಯ ನಿಂಬೆ ಉಪ್ಪು ಸಾಕು. ಪೆಟ್ರೋಲ್ ಕಾಕ್ ಬಿಚ್ಚಿ, ರಂಧ್ರ ಮುಚ್ಚಿ, ನಿಂಬೆ ಉಪ್ಪು ಕರಗಿಸಿದ ಬಿಸಿನೀರು ತುಂಬಿ ಒಂದು ರಾತ್ರಿ ಇಡು. ಚೆಲ್ಲಿದ ಮೇಲೆ ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ಬಿಸಿಲಿಗೆ ಒಣಗಿಸಿ, ತಡಮಾಡದೆ ಒಳಗೆಲ್ಲ ಟೂ ಟಿ (ಟೂ ಸ್ಟ್ರೋಕ್ ಗಾಡಿಯ) ಎಣ್ಣೆ ಆಡಿಸು. ಒದ್ದೆಯಾಗಿ ಬಿಟ್ಟರೆ ಸಂಜೆಯೊಳಗೆ ಮತ್ತೆ ಕೆಂಪಗಾಗುತ್ತದೆ.

ಇಷ್ಟೆಲ್ಲ ಆಗಿ ಗಾಡಿ ಒಂದು ತಿಂಗಳು ತೊಂದರೆಯಿಲ್ಲದೆ ಓಡಲಿ. ಆಮೇಲೆ ಪೇಂಟರ್.

ಅಕ್ಕನವರೇ, ನನ್ನ 350ರಲ್ಲಿ ಎಕ್ಸಿಲರೇಟರ್ ಬಿಟ್ಟರೂ ಎಂಜಿನ್ ಕೂಗು ಇಳಿಯುವುದಿಲ್ಲ. ಬಲಗಡೆಯ ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ. ಗೇರ್ ಆಯಿಲ್ ಕಡಿಮೆಯಾಗುತ್ತಿದೆ, ಆದರೆ ನೆಲದ ಮೇಲೆ ಒಂದು ಹನಿಯೂ ಇಲ್ಲ. ಆಯಿಲ್ ಪಂಪೇ ಕಾರಣ, ಕಿತ್ತೊಗೆದು ಪೆಟ್ರೋಲಿಗೆ ಎಣ್ಣೆ ಬೆರೆಸಿ ಎನ್ನುತ್ತಾನೆ ಮಿಸ್ತ್ರಿ.
ಶಿಕ್ಷಕರು, ಶಹಾಪುರ

ಗುರುಗಳೇ, ಪಂಪು ನಿರಪರಾಧಿ. ನೀವು ಹೇಳಿದ್ದು ಎರಡು ಬೇರೆ ಬೇರೆ ಕಾಯಿಲೆಗಳು, ಎರಡಕ್ಕೂ ಮೂಲ ಕ್ರ್ಯಾಂಕಿನ ತುದಿಯಲ್ಲಿರುವ ರಬ್ಬರ್ ಸೀಲುಗಳು.

ಟೂ ಸ್ಟ್ರೋಕಿನಲ್ಲಿ ಪಿಸ್ಟನ್ ಮೇಲೇರುವಾಗ ಕ್ರ್ಯಾಂಕ್ ಕೋಣೆ ಗಾಳಿ–ಪೆಟ್ರೋಲನ್ನು ಒಳಗೆಳೆದುಕೊಳ್ಳುತ್ತದೆ, ಇಳಿಯುವಾಗ ಅದನ್ನು ಸಿಲಿಂಡರಿಗೆ ದೂಡುತ್ತದೆ. ಆ ಕೋಣೆ ಬಿಗಿಯಾಗಿ ಮುಚ್ಚಿರಬೇಕು. ಬಲಗಡೆ ಕ್ಲಚ್ ಇದೆ, ಅಲ್ಲಿನ ಸೀಲ್ ಹರಿದರೆ ಎಂಜಿನ್ ಗೇರ್ ಆಯಿಲನ್ನೇ ಹೀರಿ ಸುಡುತ್ತದೆ. ಬಿಳಿ ಹೊಗೆ ಅದರದು. ಎಡಗಡೆ ಪ್ಲಗ್ಗಿನ ಕಿಡಿಯ ಸಮಯ ಹಿಡಿಯುವ ಪಾಯಿಂಟ್ ಮತ್ತು ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಇರುವ ಒಣ ಜಾಗ. ಆ ಸೀಲ್ ಗಟ್ಟಿಯಾಗಿ ಸೀಳಿದರೆ ಒಳಗೆ ಬರುವುದು ಬರೀ ಗಾಳಿ. ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು, ಅದಕ್ಕೇ ಎಂಜಿನ್ ಕಿರುಚುತ್ತದೆ. ಹೊಗೆಗೆ ಹೆದರಬೇಡಿ, ಕಿರುಚಾಟಕ್ಕೆ ಹೆದರಿ. ಹೊಗೆ ಮಾನ ಕಳೆಯುತ್ತದೆ, ಗಾಳಿ ಸೋರಿಕೆ ಪಿಸ್ಟನ್ ಕರಗಿಸುತ್ತದೆ. ಸರಿಯಾಗುವವರೆಗೂ ಗಾಡಿ ಹೊರಗೆ ತೆಗೆಯಬೇಡಿ.

ಊಹೆಯ ಮೇಲೆ ಎಂಜಿನ್ ಬಿಚ್ಚಿಸಬೇಡಿ. ಕಾರ್ಬೋರೇಟರ್ ಜಾಗ ಮತ್ತು ಸೈಲೆನ್ಸರ್ ಬಾಯಿಯನ್ನು ರಬ್ಬರ್ ಬಿರಡೆಯಿಂದ ಮುಚ್ಚಿ, ಕೈಪಂಪಿನಿಂದ ಒಳಗೆ ಆರು ಪಿಎಸ್‌ಐ ಗಾಳಿ ಕೊಡಿ. ಅದಕ್ಕಿಂತ ಹೆಚ್ಚು ಬೇಡ. ಪಂಪಿನ ಗೇಜಿನ ಮುಳ್ಳು ಕೆಲವು ನಿಮಿಷ ನಿಂತಲ್ಲೇ ನಿಲ್ಲಬೇಕು. ಇಳಿದರೆ ಸೋಪಿನ ನೀರು ಹಚ್ಚಿ ಗುಳ್ಳೆ ಎಲ್ಲಿ ಏಳುತ್ತದೆ ನೋಡಿ. ಎಷ್ಟೋ ಬಾರಿ ಕಾರ್ಬೋರೇಟರ್ ಕೂರುವ ರಬ್ಬರಿನಲ್ಲಿ ಉಗುರಿನಷ್ಟು ಬಿರುಕು ಸಿಕ್ಕಿ ಕೆಲಸ ಅಲ್ಲಿಗೇ ಮುಗಿಯುತ್ತದೆ.

ಇನ್ನು ಆಯಿಲ್ ಪಂಪು. ಎಂಜಿನ್ ವೇಗ ಮತ್ತು ಎಕ್ಸಿಲರೇಟರ್ ಎರಡನ್ನೂ ನೋಡಿ ಎಣ್ಣೆ ಅಳೆದು ಕೊಡುವ ಈ ಆಟೋಲ್ಯೂಬ್ ವ್ಯವಸ್ಥೆ ಯಮಹಾದವರ ಜಾಣತನ. ಅದರ ಕೇಬಲ್ ಹೊಂದಿಸಲು ಬಾರದವರು ಪಂಪನ್ನೇ ಕಿತ್ತು ಹಾಕಿ ಜಂಬ ಕೊಚ್ಚುತ್ತಾರೆ. ಪೈಪಿನಲ್ಲಿ ಗಾಳಿಗುಳ್ಳೆ ಇಲ್ಲದಂತೆ ನೋಡಿ, ಪಂಪಿನ ಗುರುತನ್ನು ಕೇಬಲ್ಲಿಗೆ ಸರಿಹೊಂದಿಸಿ. ನಂಬಿಕೆ ಬರುವವರೆಗೆ ಒಂದೆರಡು ಟ್ಯಾಂಕ್ ಪೆಟ್ರೋಲಿಗೆ ಲೀಟರಿಗೆ 20 ಮಿಲಿಲೀಟರ್ ಎಣ್ಣೆಯನ್ನೂ ಬೆರೆಸಿಕೊಳ್ಳಿ. ಹೊಗೆ ಬರಲಿ.

ನನ್ನ ಗಂಡ ಯೆಜ್ಡಿಯ ಕಾರ್ಬೋರೇಟರ್ ತೊಳೆಯಲು ನನ್ನ ಸ್ಟೀಲ್ ಡಬರಿ ಒಯ್ಯುತ್ತಾರೆ, ಅದೂ ಅಡುಗೆಮನೆಯಲ್ಲೇ. ಏನು ಮಾಡಲಿ?
ಓದುಗಳು, ಆಳಂದ

ತಂಗೀ, ಡಬರಿ ಹೋದರೆ ಹೋಗಲಿ, ಪೆಟ್ರೋಲ್ ಇರುವ ಕಾರ್ಬೋರೇಟರ್ ಒಲೆಯ ಹತ್ತಿರ ಬರಕೂಡದು. ಅಂಗಳಕ್ಕೆ ಕಳುಹಿಸು, ಒಂದು ಹಳೆಯ ಪ್ಲಾಸ್ಟಿಕ್ ಬುಟ್ಟಿಯನ್ನು ಅವರ ಹೆಸರಿಗೇ ಬರೆದುಕೊಡು. ಪೆಟ್ರೋಲ್ ಅಳೆದು ಬಿಡುವ ಜೆಟ್ಟಿನ ತೂತಿಗೆ ನಿನ್ನ ಹೊಲಿಗೆ ಸೂಜಿ ತೂರಿಸುತ್ತಿದ್ದರೆ ಅದನ್ನೂ ಕಸಿದುಕೊ. ಹಿತ್ತಾಳೆಯ ಜೆಟ್ಟು ಸೂಜಿಗೆ ಅಗಲವಾಗುತ್ತದೆ, ಆಮೇಲೆ ಮೈಲೇಜು ಇಲ್ಲ ಎಂದು ನಿನ್ನ ಮೇಲೆಯೇ ರೇಗುತ್ತಾರೆ. ವಯರಿನೊಳಗಿನ ತಾಮ್ರದ ಒಂದು ಎಳೆ ಸಾಕು.

ನನ್ನ 350 ಬೀದರ್‌ನಲ್ಲಿ ಡಿಸೆಂಬರ್ ಬೆಳಗ್ಗೆ ಚೆನ್ನಾಗಿ ಎಳೆಯುತ್ತದೆ. ಮೇ ತಿಂಗಳಲ್ಲಿ ಕಲಬುರಗಿಗೆ ಬಂದರೆ ಮಧ್ಯಾಹ್ನ ತಟತಟ ಎಂದು ಮಿಸ್ ಹೊಡೆಯುತ್ತದೆ. ಜೆಟ್ ಬದಲಿಸಲೇ?
ಓದುಗ, ಬೀದರ್

ಬದಲಿಸುವ ಮುನ್ನ ಇದನ್ನು ಓದಿ. ಬೀದರಿನ ಚಳಿಯಲ್ಲಿ ಗಾಳಿ ದಟ್ಟ, ನಮ್ಮ 43 ಡಿಗ್ರಿಯ ಬಿಸಿಲಿನಲ್ಲಿ ತೆಳು. ಅದೇ ಜೆಟ್ಟು ಅಲ್ಲಿ ಪೆಟ್ರೋಲ್ ಕಡಿಮೆ ಕೊಟ್ಟಂತೆ, ಇಲ್ಲಿ ಹೆಚ್ಚು ಕೊಟ್ಟಂತೆ. ಇದು ನಿಜವಾದರೂ ಮಿಸ್ ಹೊಡೆಯುವಷ್ಟಲ್ಲ. ತಣ್ಣಗಿದ್ದಾಗ ಸರಿ, ಕಾದ ಮೇಲೆ ಕೆಡುತ್ತದೆ ಎಂದರೆ ನನ್ನ ಅನುಮಾನ ಮೊದಲು ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರಿನ ಮೇಲೆ. ಮಿಸ್ ಶುರುವಾದಾಗ ನೆರಳಲ್ಲಿ ನಿಲ್ಲಿಸಿ, ಎಡಗಡೆಯ ಕವರ್ ತೆಗೆದು, ಎಂಜಿನ್ ಓಡುತ್ತಿರುವಾಗಲೇ ಪಾಯಿಂಟ್ ನೋಡಿ. ಒಂದು ಪಾಯಿಂಟಿನಲ್ಲಿ ಹಳದಿ ಕಿಡಿ ದೊಡ್ಡದಾಗಿ ಹಾರುತ್ತಿದ್ದರೆ ಆ ಕಡೆಯ ಕಂಡೆನ್ಸರ್ ಮುಗಿದಿದೆ. ಹೊಸದು ಹಾಕಿ ಪಾಯಿಂಟ್ ಗ್ಯಾಪ್ 0.30ರಿಂದ 0.40 ಮಿಲಿಮೀಟರ್ ಒಳಗೆ ಇಡಿ. ಎರಡು ಸಿಲಿಂಡರಿಗೆ ಎರಡು ಪಾಯಿಂಟ್, ಟೈಮಿಂಗ್ ಕೂಡ ಪ್ರತ್ಯೇಕ. ಒಂದನ್ನು ಹೊಂದಿಸಿ ಇನ್ನೊಂದು ತಾನೇ ಸರಿಯಾಗಲಿ ಎಂದರೆ ಆಗುವುದಿಲ್ಲ.

ಪೆಟ್ರೋಲಿನ ಬಗ್ಗೆಯೂ ಒಂದು ಮಾತು. ಈಗ ಬಂಕುಗಳಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಬೆರೆತದ್ದು. ಎಥನಾಲಿನಲ್ಲೇ ಆಮ್ಲಜನಕ ಇರುವುದರಿಂದ ಹಳೆಯ ಕಾರ್ಬೋರೇಟರಿಗೆ ಮಿಶ್ರಣ ತೆಳುವಾಗುತ್ತದೆ, ಗಾಡಿ ಹೆಚ್ಚು ಕಾಯುತ್ತದೆ. ಹಳೆಯ ರಬ್ಬರ್ ಪೈಪು ಉಬ್ಬುತ್ತದೆ, ನಿಂತ ಟ್ಯಾಂಕು ತೇವ ಹೀರುತ್ತದೆ. ಹೆಚ್ಚು ದಿನ ನಿಲ್ಲಿಸುವುದಾದರೆ ಕಾರ್ಬೋರೇಟರ್ ಬರಿದು ಮಾಡಿ. ಪ್ಲಗ್ ಬೆಳ್ಳಗೆ ಸುಟ್ಟಂತಿದ್ದರೆ ಜೆಟ್ ಒಂದು ಅಳತೆ ದೊಡ್ಡದು ಹಾಕಿ, ಕಂದು ಬಣ್ಣವಿದ್ದರೆ ಮುಟ್ಟಬೇಡಿ.

ನನ್ನ 1984ರ 350ಗೆ ವಿಂಟೇಜ್ ನಂಬರ್ ಪ್ಲೇಟ್ ಸಿಗುತ್ತದೆಯೇ?
ಓದುಗ, ಸೇಡಂ

ಸಿಗುವುದಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದ ಪ್ರಕಾರ 50 ವರ್ಷ ದಾಟಿ ಮೂಲರೂಪದಲ್ಲಿರುವ ವಾಹನವಷ್ಟೇ ವಿಂಟೇಜ್. ನಿಮ್ಮದಕ್ಕೆ 2034 ಬರಬೇಕು. ಸಿಕ್ಕ ಮೇಲೂ ಆ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಸದ್ಯಕ್ಕೆ ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಿಸಿಕೊಂಡು, ವಿಮೆ ಕಟ್ಟಿಕೊಂಡು ಸುಖವಾಗಿರಿ.

ಕಾಲೇಜು ವಿದ್ಯಾರ್ಥಿ ನಾನು. ಯಮಹಾ ಆರ್‌ಎಕ್ಸ್ 100 ಕೊಳ್ಳಬೇಕೆಂದಿದ್ದೇನೆ. ಏನು ನೋಡಬೇಕು?
ಕಲಬುರಗಿ

ಬಣ್ಣ ಬಿಟ್ಟು ಚಾಸಿ ನಂಬರ್ ನೋಡು. ಅಕ್ಷರಗಳು ಓರೆಯಾಗಿದ್ದರೆ, ಸುತ್ತ ಉಜ್ಜಿದ ಗುರುತಿದ್ದರೆ ಎದ್ದು ಬಾ. ಆರ್‌ಎಕ್ಸ್ 100 ಭಾರತಕ್ಕೆ ಬಂದದ್ದು 1985ರಲ್ಲಿ, ತಯಾರಿ ನಿಂತದ್ದು 1996ರಲ್ಲಿ. 1999ರ ಆರ್‌ಎಕ್ಸ್ 100 ಎಂದು ಯಾರಾದರೂ ತೋರಿಸಿದರೆ ನಕ್ಕು ಬಾ.

350ರ ಮುಂದಿನ ಡ್ರಮ್ ಬ್ರೇಕ್ ಹಿಡಿಯುವುದೇ ಇಲ್ಲ. ಡಿಸ್ಕ್ ಹಾಕಿಸಲೇ?
ಓದುಗ, ಯಾದಗಿರಿ

ಜಪಾನಿನಲ್ಲಿ ಈ ಗಾಡಿಗೆ ಡಿಸ್ಕ್ ಇತ್ತು, ಭಾರತಕ್ಕೆ ಬರುವಾಗ ಡ್ರಮ್ ಆಯಿತು. 350 ಸಿಸಿಯ ಓಟಕ್ಕೆ ಅದು ಸಾಲದು ಎಂಬ ದೂರು ಅಂದಿನಿಂದಲೂ ಇದೆ, ನಾನೂ ಒಪ್ಪುತ್ತೇನೆ. ಆದರೆ ‘ಹಿಡಿಯುವುದೇ ಇಲ್ಲ’ ಎನ್ನುವಷ್ಟು ಕೆಟ್ಟದ್ದಲ್ಲ. ಆ ಡ್ರಮ್ಮಿನಲ್ಲಿ ಎರಡು ಶೂಗಳಿಗೆ ಅವನ್ನು ಹೊರಕ್ಕೆ ಒತ್ತುವ ಎರಡು ಕ್ಯಾಮ್, ನಡುವೆ ಒಂದು ಜೋಡಣೆ ಕಡ್ಡಿ. ಶೂ ಬದಲಿಸುವವರು ಕಡ್ಡಿಯ ಕಡೆ ನೋಡುವುದೇ ಇಲ್ಲ. ಕಡ್ಡಿಯ ಉದ್ದ ತಪ್ಪಿದ್ದರೆ ಒಂದೇ ಶೂ ಹಿಡಿಯುತ್ತದೆ, ಇನ್ನೊಂದು ಸುಮ್ಮನೆ ಕೂತಿರುತ್ತದೆ. ಕಡ್ಡಿ ಸಡಿಲಿಸಿ, ಮೊದಲ ಶೂ ಡ್ರಮ್ಮಿಗೆ ತಾಕುವವರೆಗೆ ಲಿವರ್ ಎಳೆದು ಹಿಡಿಯಿರಿ. ಎರಡನೆಯದೂ ಅದೇ ಕ್ಷಣಕ್ಕೆ ತಾಕುವಂತೆ ಉದ್ದ ಹೊಂದಿಸಿ ಬಿಗಿ ಮಾಡಿ. ಕೇಬಲ್ ಹೊಸದು ಹಾಕಿ. ಆಮೇಲೂ ಸಮಾಧಾನವಾಗದಿದ್ದರೆ ಡಿಸ್ಕಿನ ಮಾತು. ಡಿಸೆಂಬರ್–ಜನವರಿಯಲ್ಲಿ ಹಳ್ಳಿಯ ರಸ್ತೆಗಳ ಮೇಲೆ ತೊಗರಿ ರಾಶಿ ಹರಡಿರುತ್ತದಲ್ಲ, ಆ ಕಟ್ಟಿಗೆ–ಹೊಟ್ಟಿನ ಮೇಲೆ ಮುಂದಿನ ಬ್ರೇಕ್ ಹಿಡಿದರೆ ಡ್ರಮ್ಮಾದರೂ ಅಷ್ಟೇ, ಡಿಸ್ಕಾದರೂ ಅಷ್ಟೇ.

ಬ್ಯಾಂಕಿನಿಂದ ನಿವೃತ್ತನಾಗಿದ್ದೇನೆ. ನನ್ನ 350 ಹೊಸ ಬೋರ್ ಆಗಿ ಬಂದಿದೆ. ಈ ಭಾನುವಾರ ಬೀದರ್‌ಗೆ ಹೋಗಿಬರಬೇಕೆಂದಿದ್ದೇನೆ, ಏನಮ್ಮಾ ಹೇಳುತ್ತೀ?
ಕಲಬುರಗಿ

ಈ ಭಾನುವಾರ ಬೇಡ ಕಾಕಾ. ಮೊದಲ ವಾರ ಊರೊಳಗೇ ಓಡಿಸಿ. ಹತ್ತು ನಿಮಿಷ ಓಡಿಸಿ ಪೂರ್ತಿ ತಣ್ಣಗಾಗಲು ಬಿಡಿ, ಮತ್ತೆ ಓಡಿಸಿ. ಎಂಜಿನ್ ತಣ್ಣಗಿದ್ದಾಗ ಹೆಡ್ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಿ. ಮುಂದಿನ ಭಾನುವಾರ ಬೆಳಗ್ಗೆ ಆರಕ್ಕೆ ಹೊರಡಿ, ಎಣ್ಣೆಯ ಡಬ್ಬಿ ಮತ್ತು ಎರಡು ಪ್ಲಗ್ ಜೊತೆಗಿರಲಿ.

ಹೆದ್ದಾರಿ ನೇರವಾಗಿದೆ ಎಂದು ಎಕ್ಸಿಲರೇಟರನ್ನು ಒಂದೇ ಮಟ್ಟದಲ್ಲಿ ಹಿಡಿದು ಕೂರಬೇಡಿ. ಏರಿಸಿ, ಇಳಿಸಿ. ಆರನೇ ಗೇರಿನಲ್ಲಿ ನಿಧಾನ ಎಳೆಸುವುದು ವೇಗಕ್ಕಿಂತ ಕೆಟ್ಟದ್ದು. ಇಳಿಜಾರಿನಲ್ಲಿ ಎಕ್ಸಿಲರೇಟರ್ ಮುಚ್ಚಿದರೆ ಪಂಪೂ ಎಣ್ಣೆ ಕಡಿಮೆ ಕೊಡುತ್ತದೆ, ಆಗಾಗ ತುಸು ತಿರುಗಿಸಿ. ಎಡಗೈಯ ಎರಡು ಬೆರಳು ಸದಾ ಕ್ಲಚ್ ಮೇಲಿರಲಿ. ಕಾದ ಪಿಸ್ಟನ್ ಸಿಲಿಂಡರಿನಲ್ಲಿ ಹಿಡಿದು ನಿಲ್ಲುವ ಮುನ್ನ ಯಾರೋ ಹಿಂದಿನಿಂದ ಜಗ್ಗಿದಂತೆ ಗಾಡಿ ಎಳೆತ ಕಳೆದುಕೊಳ್ಳುತ್ತದೆ. ಆ ಕ್ಷಣವೇ ಕ್ಲಚ್ ಒತ್ತಿದರೆ ಎಂಜಿನ್ ಕೆಟ್ಟರೂ ನೀವು ಬೀಳುವುದಿಲ್ಲ.

ಕಮಲಾಪುರದಲ್ಲಿ ಅರ್ಧ ಗಂಟೆ ನಿಲ್ಲಿ, ಗಾಡಿ ತಣ್ಣಗಾಗುವಷ್ಟರಲ್ಲಿ ಕೆಂಪು ಬಾಳೆಹಣ್ಣು ತಿನ್ನಿ. ಹುಮನಾಬಾದ್‌ನಲ್ಲಿ ಪ್ಲಗ್ ಬಿಚ್ಚಿ ಬಣ್ಣ ನೋಡಿ. ಬೀದರಿನಿಂದ ಮೂರು ಗಂಟೆಗೇ ಹೊರಟುಬಿಡಿ. ಕಬ್ಬಿನ ಹಂಗಾಮಿನಲ್ಲಿ ಹಿಂದೆ ಒಂದು ಕೆಂಪು ದೀಪವೂ ಇಲ್ಲದ ಜೋಡಿ ಟ್ರೈಲರುಗಳು ಆ ರಸ್ತೆಯ ಮೇಲೆಯೇ ಇರುತ್ತವೆ, ನಿಮ್ಮ ಗಾಡಿಯ ಹೆಡ್‌ಲೈಟಿನ ಬೆಳಕಿನಲ್ಲಿ ಅವು ಕಾಣುವುದು ತೀರ ಹತ್ತಿರ ಬಂದ ಮೇಲೆಯೇ.