ನೋಟ್‌ಬುಕ್ಕಿನ ಕೊನೆಯ ಪುಟ: ಒಬ್ಬ ಮನೋವಿಜ್ಞಾನ ವಿದ್ಯಾರ್ಥಿನಿಯ ಪ್ರಕರಣ

(ಹುಡುಗಿಯ ಒಪ್ಪಿಗೆ ಪಡೆದು ಬರೆದಿದ್ದೇನೆ. ಹೆಸರು, ಊರು, ಮನೆಯ ಕೆಲವು ವಿವರ ಬದಲಾಯಿಸಿದ್ದೇನೆ.)

ಅಕ್ಷತಾ ಅನ್ನೋಣ. ವಯಸ್ಸು 19. ಗದಗ ಜಿಲ್ಲೆಯ ಒಂದು ಹಳ್ಳಿಯವಳು. ಧಾರವಾಡದ ಹಾಸ್ಟೆಲ್‌ನಲ್ಲಿದ್ದು ಬಿಎ ಎರಡನೇ ವರ್ಷ ಓದುತ್ತಾಳೆ, ಮನೋವಿಜ್ಞಾನ ತೆಗೆದುಕೊಂಡಿದ್ದಾಳೆ. ದೀಪಾವಳಿ ರಜೆ ಮುಗಿಸಿ ಬಂದ ವಾರವೇ ಸಲಹೆ ಕೇಳಲು ನನ್ನ ಹತ್ತಿರ ಬಂದಳು.

“ನಿದ್ದಿ ಬರವಲ್ದ್ರಿ ಮೇಡಂ. ಎದಿ ಢವಢವ ಅಂತೈತಿ. ನನಗ ನಾಕು ಡಿಸಾರ್ಡರ್ ಅದಾವ್ರಿ.”

ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟಳು. ಕೊನೆಯ ಪುಟದಲ್ಲಿ ಸ್ಕೇಲ್ ಇಟ್ಟು ಎಳೆದ ಪಟ್ಟಿ. ಎಡಕ್ಕೆ ಜನ, ಬಲಕ್ಕೆ ರೋಗ. ಅವ್ವ, ಓಸಿಡಿ (ಬೇಡವೆಂದರೂ ಒಂದೇ ಯೋಚನೆ, ಒಂದೇ ಕೆಲಸ ಮತ್ತೆ ಮತ್ತೆ ಕಾಡುವ ಗೀಳು ರೋಗ). ಅಪ್ಪ, ಡಿಪ್ರೆಶನ್. ಅಣ್ಣ, ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಸುವ ತೊಂದರೆ). ರೂಮ್‌ಮೇಟ್, ಬೈಪೋಲಾರ್ (ಮನಸ್ಸು ಒಮ್ಮೆ ಅತಿಯಾಗಿ ಉಬ್ಬುವ, ಒಮ್ಮೆ ಅತಿಯಾಗಿ ಕುಗ್ಗುವ ರೋಗ). ತನ್ನ ಹೆಸರಿನ ಮುಂದೆ ನಾಲ್ಕು. ಅವ್ವನ ಸಾಲಿನ ಕೆಳಗೆ ಮಾತ್ರ ಕೆಂಪು ಪೆನ್ನಿನಲ್ಲಿ ಎರಡು ಗೆರೆ.

ಆ ಕೆಂಪು ಗೆರೆಯೇ ಅವಳ ನಿದ್ದೆ ಕಳೆದಿತ್ತು. ಹಬ್ಬಕ್ಕೆ ನೆಂಟರು ಬಂದಿದ್ದರು. ಇವಳು ತೊಳೆದಿಟ್ಟ ಗ್ಲಾಸುಗಳನ್ನು ಅವ್ವ ಮತ್ತೆ ತೊಳೆಯಲು ಕೂತಳು. ಎಲ್ಲರೆದುರು ಇವಳು, “ಅವ್ವಾ, ನಿನಗ ಓಸಿಡಿ ಐತಿ, ಡಾಕ್ಟರ್ ಕಡೆ ತೋರಸ್ಬೇಕು,” ಅಂದುಬಿಟ್ಟಳು. ಅವ್ವ ಮಾತು ಬಿಟ್ಟಳು. ಅಪ್ಪ ಒಂದೇ ಮಾತು ಆಡಿದರು: “ಧಾರವಾಡಕ್ಕ ಓದಾಕ ಕಳಿಸಿದ್ದು ಮನಿಯವರನ್ನ ಹುಚ್ಚರನ್ನ ಮಾಡಾಕೇನು?”

ಈ ಭಾಗದವರಿಗೆ ಆ ಮಾತಿನ ಪೆಟ್ಟು ಗೊತ್ತಾಗುತ್ತದೆ. ಈಗ ಡಿಮ್ಹಾನ್ಸ್ (ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ) ಆಗಿರುವ ಧಾರವಾಡದ ಹಳೆಯ ಮಾನಸಿಕ ಆಸ್ಪತ್ರೆಯಿಂದಾಗಿ, “ಧಾರವಾಡಕ್ಕ ಕಳಿಸಬೇಕು ನಿನ್ನ” ಅಂದರೆ ನಮ್ಮ ಕಡೆ ಬೈಗುಳ. ಓದಿದ ಮಗಳ ಬಾಯಿಂದಲೇ ಅದು ಬಂದ ಹಾಗೆ ಮನೆಯವರಿಗೆ ಕೇಳಿಸಿತ್ತು.

ಮೊದಲ ಭೇಟಿಯಲ್ಲಿ ನಾನು ಪಟ್ಟಿಯ ಬಗ್ಗೆ ಏನೂ ಹೇಳಲಿಲ್ಲ. ಊಟ, ನಿದ್ದೆ, ಚಹಾ, ಮುಟ್ಟು, ಸಾಯುವ ಯೋಚನೆ ಬಂದಿದೆಯಾ, ಎಲ್ಲವನ್ನೂ ಕೇಳಿದೆ. ಹಬ್ಬಕ್ಕೆ ಮೊದಲು ನಿದ್ದೆ ಸರಿಯಾಗಿತ್ತು. ಕಾಲೇಜು ತಪ್ಪಿಸಿರಲಿಲ್ಲ. ಗೆಳತಿಯರ ಜೊತೆ ನಗುತ್ತಾ ಓಡಾಡಿಕೊಂಡಿದ್ದಳು. ಮೂರನೇ ವರ್ಷದ ಸೀನಿಯರ್ ಹತ್ತಿರ ಅಸಹಜ ಮನೋವಿಜ್ಞಾನದ, ಅಂದರೆ ಮನಸ್ಸಿನ ರೋಗಗಳ ಬಗೆಗಿನ, ಪುಸ್ತಕ ಇಸಿದುಕೊಂಡು ಓದಿದ್ದಳು, ರಾತ್ರಿ ಮೊಬೈಲಿನಲ್ಲಿ ರೀಲ್ಸ್ ನೋಡಿದ್ದಳು. ಪುಸ್ತಕದಲ್ಲಿ ಓದಿದ ಲಕ್ಷಣಗಳೆಲ್ಲ ತನ್ನಲ್ಲೇ ಕಾಣತೊಡಗಿದ್ದವು. ಇದು ಹೊಸದೇನಲ್ಲ. ಡಾಕ್ಟರ್ ಓದುವವರಿಗೂ ಹೀಗಾಗುತ್ತದೆ, ಅದಕ್ಕೆ ‘ಮೆಡಿಕಲ್ ಸ್ಟೂಡೆಂಟ್ಸ್ ಡಿಸೀಸ್’ ಅಂತ ಹೆಸರೇ ಇದೆ. ಅದನ್ನು ಹೇಳಿದಾಗ ಅವಳ ಭುಜ ಸ್ವಲ್ಪ ಸಡಿಲವಾಯಿತು.

ಎರಡನೇ ಸಲ ಬರುವಾಗ ಪ್ರಾಕ್ಟಿಕಲ್ ಜರ್ನಲ್ ತರಲು ಹೇಳಿದ್ದೆ.

ಸೈಕಾಲಜಿ ಓದಿದರೆ ಎದುರಿನವರ ಮನಸ್ಸು ಓದಬಹುದು ಅಂತ ಊರಿನ ಜನ ಅಂದುಕೊಂಡಿರುತ್ತಾರೆ. ಎಷ್ಟೋ ಮಕ್ಕಳು ಅದೇ ಆಸೆಯಿಂದ ಸೇರುತ್ತಾರೆ. ಆದರೆ 1879ರಲ್ಲಿ ಜರ್ಮನಿಯ ಲೈಪ್ಸಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್ ಮನೋವಿಜ್ಞಾನಕ್ಕೆಂದೇ ಪ್ರಯೋಗಾಲಯ ಶುರು ಮಾಡಿದಾಗ ಅಲ್ಲಿ ಯಾರೂ ಯಾರ ಗುಟ್ಟನ್ನೂ ಕೆದಕಲಿಲ್ಲ. ಸದ್ದು ಕೇಳಿದ ಮೇಲೆ ಕೈ ಅಲುಗಲು ಎಷ್ಟು ಹೊತ್ತು ಹಿಡಿಯುತ್ತದೆ ಅನ್ನುವಂಥದ್ದನ್ನು ಅಳೆದರು. ಜರ್ಮನಿಯ ಇನ್ನೊಬ್ಬ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾನೇ ಬಾಯಿಪಾಠ ಮಾಡಿ, ತಾನೇ ಎಷ್ಟು ಮರೆತೆ ಅಂತ ಲೆಕ್ಕ ಇಟ್ಟು, 1885ರಲ್ಲಿ ಪ್ರಕಟಿಸಿದ. ನಮ್ಮ ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲೇ ಮನೋವಿಜ್ಞಾನ ವಿಭಾಗ ಶುರುವಾಯಿತು. ಇವತ್ತು ಬಿಎ ಮಕ್ಕಳು ಕಲಿಯುವುದು ಈ ದಾರಿಯನ್ನೇ: ಕಣ್ಣು ಹೇಗೆ ಮೋಸ ಹೋಗುತ್ತದೆ, ನೆನಪು ಹೇಗೆ ಜಾರುತ್ತದೆ, ಕಲಿಕೆ ಹೇಗೆ ಆಗುತ್ತದೆ, ಜೊತೆಗೆ ಮೆದುಳು ಮತ್ತು ಸಂಖ್ಯಾಶಾಸ್ತ್ರ.

ಅಕ್ಷತಾಳ ಜರ್ನಲ್‌ನಲ್ಲಿ ಕನ್ನಡಿ ಪ್ರಯೋಗ ಇತ್ತು. ಮಾಡಿದವರಿಗೆ ಮರೆಯಲಾಗದು. ಹಲಗೆಯ ಮೇಲೆ ನಕ್ಷತ್ರದ ಚಿತ್ರ, ಜೋಡಿ ಗೆರೆಯದು. ಕೈ ಕಾಣದ ಹಾಗೆ ಅಡ್ಡ ಒಂದು ತಗಡು. ಕನ್ನಡಿಯಲ್ಲಿ ಮಾತ್ರ ನೋಡುತ್ತಾ ಎರಡು ಗೆರೆಗಳ ನಡುವೆ ಪೆನ್ಸಿಲ್ ಸಾಗಿಸಬೇಕು. ಮೇಲಕ್ಕೆ ಅಂದುಕೊಂಡರೆ ಕೈ ಕೆಳಕ್ಕೆ ಹೋಗುತ್ತದೆ. ಮೂಲೆ ಬಂದಾಗ ಪೆನ್ಸಿಲ್ ನಿಂತಲ್ಲೇ ನಡುಗುತ್ತದೆ. ಬಲಗೈಯಲ್ಲಿ ಹಲವು ಸಲ ಮಾಡಿದರೆ, ಅಭ್ಯಾಸವೇ ಇಲ್ಲದ ಎಡಗೈ ಕೂಡ ಮೊದಲಿಗಿಂತ ಚೆನ್ನಾಗಿ ಮಾಡುತ್ತದೆ. ಅದನ್ನು ತೋರಿಸುವುದೇ ಪ್ರಯೋಗದ ಗುರಿ.

ಅವಳದೇ ಅನುಭವ ವರದಿಯನ್ನು ಜೋರಾಗಿ ಓದಲು ಹೇಳಿದೆ. “ಗೆರೆ ಕಾಣುತ್ತಿದ್ದರೂ ಕೈ ಬೇರೆ ಕಡೆ ಹೋಗುತ್ತಿತ್ತು. ನನಗೆ ನನ್ನ ಮೇಲೇ ಸಿಟ್ಟು ಬಂತು.”

“ಆಗ ನಿನ್ನ ಗೆಳತಿ ಎದುರಿಗೆ ಕೂತಿದ್ದಳಲ್ಲ, ನಿನಗ ಏನಾರ ರೋಗದ ಹೆಸರು ಇಟ್ಟಳೇನು?”

“ಇಲ್ರಿ. ಟೈಮ್ ಬರಕೊಂಡ್ಲು. ತಪ್ಪು ಎಣಿಸಿದ್ಲು.”

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ತಾನೇ ಕೊನೆಯ ಪುಟ ತೆಗೆದಳು.

ಅವ್ವನಿಂದ ಶುರು ಮಾಡಿದೆವು. ಓಸಿಡಿ ಅನ್ನಬೇಕಾದರೆ ಆ ಕೆಲಸ ದಿನಕ್ಕೆ ಒಂದು ತಾಸಿಗಿಂತ ಜಾಸ್ತಿ ಹೊತ್ತು ತಿನ್ನುತ್ತಿರಬೇಕು, ಅಥವಾ ಆ ವ್ಯಕ್ತಿಗೆ ತೀರಾ ಹಿಂಸೆ ಆಗುತ್ತಿರಬೇಕು, ಇಲ್ಲವೇ ಬದುಕು ಕೆಡುತ್ತಿರಬೇಕು. ಇಷ್ಟಿದ್ದರೂ ತೀರ್ಮಾನ ತರಬೇತಿ ಆದವರದು. ಅವ್ವ ಒಲೆ ಒರೆಸಿ, ದೇವರ ಜಗಲಿ ಸಾರಿಸಿ, ಪಾತ್ರೆ ಎರಡು ಸಲ ತೊಳೆಯಲು ಎಷ್ಟು ಹೊತ್ತು? “ಅರ್ಧ ತಾಸ್ರಿ.” ಯಾರಾದರೂ ನಡುವೆ ಕರೆದರೆ? ಅವಳು ಯೋಚಿಸಿದಳು. “ಅಣ್ಣ ಗಾಡಿ ಮ್ಯಾಲಿಂದ ಬಿದ್ದ ದಿನ ರೊಟ್ಟಿ ಬಡ್ಯಾಕತ್ತಿದ್ಲು. ಕೈಯಾನ ಹಿಟ್ಟು ಹಂಗ ಇತ್ರಿ. ಹಂಗ ಬಸ್ ಹತ್ತಿದ್ಲು.”

“ಸ್ಟ್ಯಾಟಿಸ್ಟಿಕ್ಸ್ ಯಾಕ ಬೇಕ್ರಿ ಮನಸ್ಸಿಗೆ” ಅಂತ ಹಿಂದಿನ ಸಲ ಬೇಸರಪಟ್ಟುಕೊಂಡಿದ್ದಳು. ಇಲ್ಲೇ ಬೇಕಾಗುತ್ತದೆ ಅಂದೆ. ಗಂಟೆಯ ಆಕಾರದ ಆ ಗ್ರಾಫ್‌ನಲ್ಲಿ ಸುಮಾರು 68 ಪ್ರತಿಶತ ಜನ ಸರಾಸರಿಯ ಆಚೀಚೆ ಒಂದು ಎಸ್‌ಡಿ (ಸರಾಸರಿಯಿಂದ ಅಂಕಿಗಳು ಎಷ್ಟು ಹರಡಿವೆ ಅನ್ನುವ ಅಳತೆ) ಒಳಗೇ ಇರುತ್ತಾರೆ ಅಂತ ಓದಿದ್ದಾಳೆ. ನಿಮ್ಮ ಓಣಿಯ ಅವ್ವಂದಿರ ಸ್ವಚ್ಛತೆಯನ್ನು ಅಳೆದರೆ ನಿನ್ನ ಅವ್ವ ಎಲ್ಲಿ ನಿಲ್ಲುತ್ತಾಳೆ? ಅವಳು ತನ್ನ ದೊಡ್ಡವ್ವನನ್ನು ನೆನೆಸಿಕೊಂಡು ನಕ್ಕಳು. ಆ ದಿನ ಮೊದಲ ಸಲ ನಕ್ಕಿದ್ದು.

ಅಣ್ಣ ಮತ್ತು ರೂಮ್‌ಮೇಟ್ ಸಾಲುಗಳನ್ನು ಅವಳೇ ಹೊಡೆದು ಹಾಕಿದಳು. ತನ್ನವು ನಾಲ್ಕನ್ನೂ.

ಅಪ್ಪನ ಸಾಲಿಗೆ ಬಂದಾಗ ನಾನೇ ಅವಳ ಕೈ ತಡೆದೆ. “ರೋಗದ ಹೆಸರು ಬಿಡು. ಏನೇನು ನೋಡಿದಿ ಹೇಳು.” ಉಳ್ಳಾಗಡ್ಡಿ ಬೆಳೆ ಹೋದ ಮೇಲೆ ಎರಡು ತಿಂಗಳಾಯಿತು, ಅಪ್ಪ ಕಟ್ಟೆಗೆ ಹೋಗುತ್ತಿಲ್ಲ. ನಸುಕಿನ ಮೂರಕ್ಕೇ ಎದ್ದು ಕೂರುತ್ತಾರೆ. ಅರ್ಧ ರೊಟ್ಟಿ ಬಿಡುತ್ತಾರೆ. ಹಬ್ಬದ ದಿನ ಹಿತ್ತಲಲ್ಲಿ ಒಬ್ಬರೇ ಕೂತು, “ಇನ್ನ ನಾ ಇದ್ರೇನು, ಬಿಟ್ರೇನು” ಅಂದಿದ್ದರು.

ಹುಡುಗಿ ಚೆನ್ನಾಗಿ ಗಮನಿಸಿದ್ದಳು. ಕಣ್ಣಿಗೆ ಬಿದ್ದದ್ದನ್ನು ಯಾರಿಗೂ ಹೇಳದೆ ಬರೀ ಹೆಸರು ಬರೆದು ಪುಟ ಮುಚ್ಚಿದ್ದಳು. ಉಳಿದ ಸಾಲುಗಳ ಗದ್ದಲದಲ್ಲಿ ನಿಜವಾದ ಆತಂಕದ ಸಾಲು ಹೂತುಹೋಗಿತ್ತು.

ಅವತ್ತೇ ಮಾಡಬೇಕಾದ್ದನ್ನು ಹೇಳಿದೆ. ಅಣ್ಣನಿಗೆ ನನ್ನೆದುರೇ ಫೋನ್ ಹಚ್ಚಿಸಿದೆ. ಮನೆಯಲ್ಲಿರುವ ಬೆಳೆಯ ಔಷಧಿ ಡಬ್ಬಿಗಳನ್ನೆಲ್ಲ ಮನೆಯಿಂದ ಹೊರಗೆ, ಬೀಗ ಇರುವ ಕಡೆ ಇಡಬೇಕು. ಅಪ್ಪನನ್ನು ಒಬ್ಬರನ್ನೇ ಹೊಲಕ್ಕೆ ಕಳಿಸಬಾರದು. “ನಿಮಗೆ ಡಿಪ್ರೆಶನ್” ಅನ್ನುವುದು ಬೇಡ. “ಅಪ್ಪಾ, ನೀ ಮೂರಕ್ಕ ಎದ್ದು ಕೂರೋದು ನೋಡೀನಿ, ನಂಗ ಹೆದರಿಕಿ ಆಗೇತಿ” ಅನ್ನಬೇಕು. ಸಾಯಬೇಕು ಅನಿಸುತ್ತದಾ ಅಂತ ನೇರವಾಗಿ ಕೇಳಬಹುದು. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅನ್ನುವ ಭಯ ಬೇಡ, ಕೇಳಿದಾಗ ಭಾರ ಇಳಿಸಲು ಜಾಗ ಸಿಗುತ್ತದೆ. ತಾಲೂಕು ಆಸ್ಪತ್ರೆಯಲ್ಲಿ ಮಂಗಳವಾರ ಸರ್ಕಾರದ ಮಾನಸಿಕ ಆರೋಗ್ಯ ಕ್ಲಿನಿಕ್ ‘ಮನೋಚೈತನ್ಯ’ ನಡೆಯುತ್ತದೆ, ಅಲ್ಲಿಗೆ ಕರೆದುಕೊಂಡು ಹೋಗಬೇಕು. ಅದಕ್ಕೂ ಮೊದಲು ಕಷ್ಟ ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಅಕ್ಷತಾಳಿಗೆ ಹೇಳಿದ್ದು ಕಡಿಮೆ. ಸಂಜೆ ಮೇಲೆ ಚಹಾ ಬೇಡ, ಹಾಸಿಗೆಗೆ ಮೊಬೈಲ್ ಬೇಡ. ನೋಟ್‌ಬುಕ್ಕಿನಲ್ಲಿ ಎಡಗಡೆ ನೋಡಿದ್ದು, ಕೇಳಿದ್ದು ಬರಿ, ಬಲಗಡೆ ಖಾಲಿ ಬಿಡು. ಬಿಎ ಮುಗಿದ ತಕ್ಷಣ ಕ್ಲಿನಿಕ್ ಹಾಕಬಹುದು ಅಂತ ಅವಳು ನಂಬಿದ್ದಳು. ಅದನ್ನೂ ಬಿಡಿಸಿ ಹೇಳಿದೆ. ಮುಂದೆ ಎರಡು ವರ್ಷದ ಎಂಎ ಅಥವಾ ಎಂಎಸ್ಸಿ ಇದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕಾದರೆ ಭಾರತೀಯ ಪುನರ್ವಸತಿ ಪರಿಷತ್ತು ಒಪ್ಪಿದ ಕೋರ್ಸ್ ಮಾಡಿ, ಅಲ್ಲಿ ನೋಂದಾಯಿಸಬೇಕು. ಔಷಧಿ ಬರೆಯುವ ಮನೋವೈದ್ಯರದು ಎಂಬಿಬಿಎಸ್ ದಾರಿ. ದೂರ ಇದೆ, ಆದರೆ ನಿನ್ನ ಕಣ್ಣು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು ಅಂದೆ. ಅದನ್ನು ಮನಸಾರೆ ಹೇಳಿದೆ.

ಅವ್ವನ ಕ್ಷಮೆ ಕೇಳು ಅಂತ ನಾನು ಹೇಳಲಿಲ್ಲ. ಅವಳೇ ಶನಿವಾರ ಊರಿಗೆ ಹೋಗಿ, ಅವ್ವನ ಪಕ್ಕ ಕೂತು ಗ್ಲಾಸ್ ಎರಡು ಸಲ ತೊಳೆದಳಂತೆ. ಅವ್ವ ಮೊದಲು ಸುಮ್ಮನಿದ್ದು, ಆಮೇಲೆ “ಬೂದಿ ಹಚ್ಚಿ ತಿಕ್ಕು” ಅಂದಳಂತೆ.

ನಾಲ್ಕನೇ ಭೇಟಿಗೆ ಬಂದಾಗ ಅವಳಿಗೆ ನಿದ್ದೆ ಬರುತ್ತಿತ್ತು. ಅಪ್ಪನಿಗೆ ಕ್ಲಿನಿಕ್‌ನಲ್ಲಿ ಔಷಧಿ ಶುರುವಾಗಿದೆ, ನಸುಕಿನಲ್ಲಿ ಏಳುವುದು ಕಡಿಮೆಯಾಗಿದೆ, ಊಟ ಇನ್ನೂ ಅಷ್ಟಕ್ಕಷ್ಟೇ. ಮೊದಲ ಸಲ ಅಣ್ಣ ಒತ್ತಾಯ ಮಾಡಿ ಕರೆದುಕೊಂಡು ಹೋಗಿದ್ದ. ಹೋದ ಮಂಗಳವಾರ ಅಪ್ಪ ತಾವೇ ಬೆಳಿಗ್ಗೆ ಧೋತರ ಉಟ್ಟು, ಚೀಟಿ ಕಿಸೆಯಲ್ಲಿಟ್ಟುಕೊಂಡು, ಅಣ್ಣನಿಗಿಂತ ಮೊದಲೇ ಬಸ್‌ಸ್ಟ್ಯಾಂಡಿಗೆ ಹೋಗಿ ನಿಂತಿದ್ದರಂತೆ.